ಇಳಿಬುಟ್ಟಿ

ಬೆಳಗಿನ ಎಂಟಕ್ಕೆ ಕೈರೋದ ಶುಬ್ರಾ ಓಣಿಯೊಳಗೆ
ಕತ್ತೆಗಿಂತ ಮೊದಲು ಅವನ ಕೂಗು ಬರುತ್ತದೆ:
"ಬೀಕ್ಯಾ... ರೋಬಾ ಬೀಕ್ಯಾ..."
ಅರಬಿಯಂತೂ ಅಲ್ಲ ಅದು.
ಯಾರೋ ಇಟಲಿಯವರು ಬಿಟ್ಟುಹೋದ ಹಳೇ ಮಾತು.
ನಮ್ಮಲ್ಲಿ ಮಾತನ್ನೂ ಎಸೆಯುವುದಿಲ್ಲ, ಉಜ್ಜಿ ಬಳಸುತ್ತೇವೆ.

ನಾಲ್ಕನೆಯ ಮಹಡಿಯವಳು ನಾನು, ಇನ್‌ಶಿರಾಹ್,
ಮೂವತ್ತೊಂದು ವರ್ಷ ಶಾಲೆಯ ಪ್ರಯೋಗಶಾಲೆಯಲ್ಲಿ
ಗಾಜಿನ ನಳಿಗೆ ತೊಳೆದವಳು.
ಲಿಫ್ಟು ಸತ್ತು ಒಂಬತ್ತು ವರ್ಷ, ಮಂಡಿ ಸತ್ತು ನಾಲ್ಕು.
ಬಾಲ್ಕನಿಯಿಂದ ಹಗ್ಗಕ್ಕೆ ಬಿಟ್ಟ ಬುಟ್ಟಿಯೇ ನನ್ನ ಕಾಲು.
ರೊಟ್ಟಿ ಏರುವುದು ಅದರಲ್ಲಿ, ಬೀಗದಕೈ ಇಳಿಯುವುದು ಅದರಲ್ಲಿ.
ಇವತ್ತು ಮನೆಯನ್ನೇ ತುಸುತುಸುವಾಗಿ ಇಳಿಸುತ್ತಿದ್ದೇನೆ.

ಮೊದಲು ಇಸ್ತ್ರಿಪೆಟ್ಟಿಗೆ. ವೈರು ಸುಟ್ಟಿದೆ, ಹೊಟ್ಟೆ ಗಟ್ಟಿ.
"ಹತ್ತು," ಎಂದ ರಿಫ್ಅತ್, ತಲೆಯೆತ್ತದೆಯೇ.
"ಹತ್ತಕ್ಕೆ ನಿನ್ನ ಕತ್ತೆಯ ಬಾಲವೂ ಬರೋಲ್ಲ," ಎಂದೆ.
ನಮ್ಮ ಚೌಕಾಸಿ ಕೇಳಲು ಇಡೀ ಓಣಿ ಕಿಟಕಿ ತೆರೆಯಿತು.

ಆಮೇಲೆ ಫ್ಯಾನು. ಬುಟ್ಟಿಗೆ ಭಾರ, ಕಾವಲಿನ ಇದ್ರೀಸ್ ಹೊತ್ತ.
ಮಗ ಚೆಂಡೊದ್ದು ಸೊಟ್ಟಗಾದ ರೆಕ್ಕೆ ಅವನ ಹೆಗಲ ಮೇಲೆ
ಮೆಟ್ಟಿಲು ಮೆಟ್ಟಿಲಿಗೂ ಗೋಡೆ ಗೀರುತ್ತ ಇಳಿಯಿತು.
"ತಾಮ್ರ ಒಂದು ಬೀದಿಗೆ, ಕಬ್ಬಿಣ ಇನ್ನೊಂದಕ್ಕೆ,
ಬೇರಿಂಗು ಚೆನ್ನಾಗಿದ್ದರೆ ಕಬ್ಬಿನಹಾಲಿನ ಅಂಗಡಿಗೆ" ಎಂದು
ಸತ್ತವರ ಆಸ್ತಿ ಹಂಚುವ ಕಾಜಿಯ ಹಾಗೆ
ಅವನು ಬೆರಳು ಮಡಿಸುವುದನ್ನು ನೋಡಬೇಕು.

ಉಣ್ಣೆಯ ಕೋಟು ಮಾತ್ರ ಗಾಡಿಗೆ ಕೊಡಲಿಲ್ಲ.
ಇದ್ರೀಸನ ಮಗಳು ತೋಳು ಮಡಿಚಿ ತೊಟ್ಟು
ಕನ್ನಡಿಯಿಲ್ಲದ್ದಕ್ಕೆ ನನ್ನ ಮುಖ ನೋಡಿದಳು.

ಕೊನೆಗೆ ಜಾಡಿ. ಕಂಠದವರೆಗೆ ಸತ್ತ ಬ್ಯಾಟರಿ.
ಇಳಿಸಿದ ಬುಟ್ಟಿ ಹಾಗೇ ಮೇಲೆ ಬಂತು.
"ಅಮ್ಮಾ, ವಿಷಕ್ಕೆ ಗಿರಾಕಿ ಇಲ್ಲ.
ತಗೊಂಡರೆ ಗುಡ್ಡದ ಹಿಂದೆ ಸುರೀಬೇಕು.
ಅಲ್ಲಿ ನನ್ನ ಮನೆ."

ಒಮ್ಮೆ ಪ್ರಯೋಗಶಾಲೆಯಲ್ಲಿ ಪಾದರಸ ಚೆಲ್ಲಿತ್ತು.
ಬೆರಳಲ್ಲಿ ಹುಡುಗರು ಅಟ್ಟಾಡಿಸಿದ ಬೆಳ್ಳಿಮಣಿಗಳನ್ನು
ಪೊರಕೆಯಲ್ಲಿ ಗುಡಿಸಿ ಮೋರಿಗೆ ಬಿಟ್ಟವಳು ನಾನೇ.
ಮೋರಿ ಎಲ್ಲಿಗೆ ಹೋಗುತ್ತದೆಂದು
ಯಾವ ಪಠ್ಯದಲ್ಲೂ ಇರಲಿಲ್ಲ.
ಇದ್ದರೂ ನಾನು ಓದುತ್ತಿರಲಿಲ್ಲ.

ಚಿಲ್ಲರೆ ಇಲ್ಲವಂತೆ. ಐವತ್ತೈದು ಪೌಂಡಿಗೆ ಬದಲು
ಬುಟ್ಟಿಯಲ್ಲಿ ಏರಿಬಂದದ್ದು ನೀಲಿ ಪ್ಲಾಸ್ಟಿಕ್ಕಿನ ಟಬ್ಬು.
ಸಾಮಾನು ಕಳೆಯಲು ಕೂತವಳಿಗೆ ಸಾಮಾನೇ ಕೂಲಿ!
ಬೈಯಲು ಬಾಯಿ ತೆರೆದೆ.
ಅಂಚಿನಲ್ಲಿ, ನೀಲಿಯ ನಡುವೆ,
ಹಲ್ಲಿಗೆ ಸಿಕ್ಕ ಸೊಪ್ಪಿನ ಚೂರಿನಂತೆ
ಒಂದು ಹಸಿರು ಕಲೆ.
ಹೋದ ಬೇಸಗೆಯಲ್ಲಿ ಕೊಟ್ಟಿದ್ದೆ ಮೊಮ್ಮಗನ ಹಸಿರು ಚಪ್ಪಲಿ,
ಎಡಗಾಲಿನದು; ಬಲಗಾಲಿನದನ್ನು ಸಮುದ್ರ ಒಯ್ದಿತ್ತು.
ಅದೇ ಇದು ಎಂದು ಆಣೆ ಮಾಡಲಾರೆ.
ಊರ ತುಂಬ ಹಸಿರು ಚಪ್ಪಲಿ, ಊರ ತುಂಬ ಮಕ್ಕಳು.
ಆದರೂ ತೆರೆದ ಬಾಯಿ ಮುಚ್ಚಿಕೊಂಡೆ.

ಟಬ್ಬಿಗೆ ಮೂರು ತೂತು ಕೊರೆದು ಪುದೀನ ನೆಟ್ಟಿದ್ದೇನೆ.
ಜಾಡಿ ಕಿಟಕಿಯ ಅಡ್ಡೆಯ ಮೇಲೆ ಕೂತಿದೆ.
ನದಿಯಾಚೆ ಒಂದು ಅಂಗಡಿಯಲ್ಲಿ ಇಂಥವನ್ನು ವಾಪಸು ಪಡೆಯುತ್ತಾರೆ,
ಶುಕ್ರವಾರ ರಜಾ, ಎಂದು ಇದ್ರೀಸ್ ಯಾರಿಂದಲೋ ಕೇಳಿಬಂದ.
ಮಂಡಿ ಒಪ್ಪಿದ ದಿನ ಹೋಗುತ್ತೇನೆ.
ಅಲ್ಲಿಯವರೆಗೆ ಅದಕ್ಕೆ ಇನ್ನೊಂದು ಸೇರಿಸುವುದು ಬೇಡವೆಂದು
ಗಡಿಯಾರಕ್ಕೆ ಹೊಸ ಬ್ಯಾಟರಿ ಹಾಕಿಲ್ಲ.
ಅದು ಹನ್ನೊಂದು ಹತ್ತಕ್ಕೆ ನಿಂತಿದೆ.
ಕತ್ತೆಗಿಂತ ಮೊದಲು ಕೂಗು ಬಂದರೆ
ಎಂಟು ಗಂಟೆ.